ರಿಪೋರ್ಟ್ ಒಂದು ಹೇಳುತ್ತದೆ, ಮೈ ಇನ್ನೊಂದು ಹೇಳುತ್ತದೆ

ಎರಡು ತಿಂಗಳಿಂದ ನನಗೆ ಬರುತ್ತಿರುವ ಪತ್ರಗಳಲ್ಲಿ ಅರ್ಧಕ್ಕರ್ಧ ಥೈರಾಯ್ಡ್ ಬಗ್ಗೆಯೇ. ಹಲವರು ರಿಪೋರ್ಟಿನ ಜೆರಾಕ್ಸ್ ಕೂಡ ಇಟ್ಟಿದ್ದಾರೆ. ಒಬ್ಬರಂತೂ ಎಂಟು ವರ್ಷದ ರಿಪೋರ್ಟುಗಳನ್ನು ಸಾಲಾಗಿ ಪಿನ್ ಹೊಡೆದು ಕಳಿಸಿದ್ದಾರೆ. ಎಲ್ಲರ ಗೋಳೂ ಹೆಚ್ಚುಕಡಿಮೆ ಒಂದೇ: ‘ಒಬ್ಬ ಡಾಕ್ಟರು ಇದೆ ಅಂತಾರೆ, ಇನ್ನೊಬ್ಬರು ಇಲ್ಲ ಅಂತಾರೆ. ನಾನು ಯಾರನ್ನು ನಂಬಲಿ?’ ತಿಪಟೂರಿನ ನನ್ನ ಕ್ಲಿನಿಕ್ಕಿನಲ್ಲೂ 26 ವರ್ಷದಿಂದ ಇದೇ ಪ್ರಶ್ನೆ ಕೇಳುತ್ತಾ ಬಂದಿದ್ದೇನೆ. ಅದಕ್ಕೇ ಈ ಸಲದ ಅಂಕಣ ಪೂರ್ತಿ ಥೈರಾಯ್ಡ್‌ಗೆ. ಹೆಸರು, ಊರು ಬಿಟ್ಟಿದ್ದೇನೆ.

ಪ್ರಶ್ನೆ: ನನಗೆ 44 ವರ್ಷ. ಪ್ರೈಮರಿ ಶಾಲೆ ಟೀಚರ್. ಮೂರು ವರ್ಷದ ಹಿಂದೆ ಸುಸ್ತು ಅಂತ ಟೆಸ್ಟ್ ಮಾಡಿಸಿದಾಗ ಟಿಎಸ್‌ಎಚ್ 6.8 ಇತ್ತು. ‘ನಿಮಗೆ ಥೈರಾಯ್ಡ್ ಇದೆ’ ಎಂದು 25ರ ಮಾತ್ರೆ ಕೊಟ್ಟರು. ಆಮೇಲೆ 50, 75, ಈಗ 100. ಆದರೂ ಟಿಎಸ್‌ಎಚ್ ಒಮ್ಮೆ 3, ಒಮ್ಮೆ 9 ಬರುತ್ತದೆ. ಸುಸ್ತು ಹಾಗೇ ಇದೆ. ಕೂದಲು ಉದುರುತ್ತದೆ. ತೂಕ 64ರಿಂದ 70 ಕೆಜಿ ಆಗಿದೆ. ಬೆಳಿಗ್ಗೆ 5ಕ್ಕೆ ಎದ್ದು ಮಾತ್ರೆ ನುಂಗಿ ಕಾಫಿ ಕುಡಿಯುತ್ತೇನೆ. ತಿಂಡಿ ಆದ ಮೇಲೆ ಕ್ಯಾಲ್ಸಿಯಂ ಮತ್ತು ರಕ್ತದ ಮಾತ್ರೆ. ನನಗೆ ನಿಜವಾಗಿ ಕಾಯಿಲೆ ಇದೆಯಾ ಮೇಡಂ?

ಟೀಚರೇ, ಮಾತ್ರೆ ಹೇಗೆ ತಗೊಳ್ತೀರಿ ಎಂದು ನೀವೇ ಬರೆದದ್ದು ತುಂಬಾ ಒಳ್ಳೆಯದಾಯಿತು. ಉತ್ತರದ ಅರ್ಧ ಭಾಗ ಆ ಎರಡು ಸಾಲಿನಲ್ಲೇ ಇದೆ.

ಮೊದಲು ಟಿಎಸ್‌ಎಚ್ ಅಂದರೆ ಏನು ಅನ್ನೋದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಗೊಂದಲ ಶುರುವಾಗುವುದೇ ಅಲ್ಲಿ. ಟಿಎಸ್‌ಎಚ್ ಥೈರಾಯ್ಡ್ ಮಾಡುವ ಹಾರ್ಮೋನ್ ಅಲ್ಲ. ಕುತ್ತಿಗೆಯ ಮುಂದೆ ಚಿಟ್ಟೆಯ ಹಾಗೆ ರೆಕ್ಕೆ ಬಿಚ್ಚಿಕೊಂಡಿರುವ ಥೈರಾಯ್ಡ್ ಗ್ರಂಥಿ ಮಾಡುವುದು ಟಿ4 ಮತ್ತು ಟಿ3. ಟಿಎಸ್‌ಎಚ್ ಬರುವುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ. ಅದು ಥೈರಾಯ್ಡ್‌ಗೆ ಹಾಕುವ ಕೂಗು. ಪಂಕ್ತಿಯಲ್ಲಿ ಕೂತವರಿಗೆ ಅನ್ನ ಬರುವುದು ತಡವಾದರೆ ಅಡುಗೆಮನೆಯ ಕಡೆ ಕೂಗುತ್ತಾರಲ್ಲ, ಹಾಗೆ. ತಡವಾದಷ್ಟೂ ಕೂಗು ಜೋರು. ಅಂದರೆ ಟಿಎಸ್‌ಎಚ್ ಜಾಸ್ತಿ ಇದ್ದರೆ ಥೈರಾಯ್ಡ್ ಕೆಲಸ ಕಡಿಮೆ, ಅಂದರೆ ಹೈಪೋ. ಟಿಎಸ್‌ಎಚ್ ತೀರಾ ಕಡಿಮೆ ಇದ್ದರೆ ಸಾಮಾನ್ಯವಾಗಿ ಥೈರಾಯ್ಡ್ ಕೆಲಸ ಜಾಸ್ತಿ, ಅಂದರೆ ಹೈಪರ್. ‘ಟಿಎಸ್‌ಎಚ್ ಜಾಸ್ತಿ ಬಂದಿದೆ, ಹಾಗಾದರೆ ನನಗೆ ಹೈಪರ್’ ಎಂದು ತಿಳಿದು ಬರುವವರು ವಾರಕ್ಕೆ ಒಬ್ಬರಾದರೂ ಇರುತ್ತಾರೆ.

ಈಗ ನಿಮ್ಮ 6.8ಕ್ಕೆ ಬರೋಣ. ಹೆಚ್ಚಿನ ಲ್ಯಾಬುಗಳಲ್ಲಿ ಸುಮಾರು 0.4ರಿಂದ 4ರವರೆಗೆ ಸರಿ ಎನ್ನುತ್ತಾರೆ. ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ವ್ಯತ್ಯಾಸ ಇರುತ್ತದೆ. ಟಿಎಸ್‌ಎಚ್ ದಿನವಿಡೀ ಒಂದೇ ಮಟ್ಟದಲ್ಲಿ ಇರುವುದೂ ಇಲ್ಲ. ರಾತ್ರಿ ಮತ್ತು ಬೆಳಗಿನ ಜಾವ ಏರುತ್ತದೆ, ಮಧ್ಯಾಹ್ನ ಇಳಿಯುತ್ತದೆ. ಜ್ವರ ಬಂದು ಚೇತರಿಸಿಕೊಳ್ಳುವಾಗಲೂ ಸ್ವಲ್ಪ ದಿನ ಏರಿರುತ್ತದೆ. ಹಾಗಾಗಿ ಒಂದೇ ಸಲದ 6.8 ನೋಡಿ ಕಾಯಿಲೆ ಅಂತ ಹೆಸರಿಡಬಾರದು. ಎರಡು ಮೂರು ತಿಂಗಳು ಬಿಟ್ಟು ಟಿಎಸ್‌ಎಚ್ ಜೊತೆ ಫ್ರೀ ಟಿ4, ಅಂದರೆ ರಕ್ತದಲ್ಲಿ ಬಿಡಿಯಾಗಿ ಓಡಾಡುವ ಟಿ4 ಕೂಡ ನೋಡಬೇಕು. ಸಾಧ್ಯವಾದರೆ ಆಂಟಿ ಟಿಪಿಒ ಎಂಬ ಟೆಸ್ಟೂ ಮಾಡಿಸಬೇಕು. ಫ್ರೀ ಟಿ4 ಸರಿಯಿದ್ದು ಟಿಎಸ್‌ಎಚ್ ಮಾತ್ರ 10ರ ಒಳಗೆ ಏರಿದ್ದರೆ ಅದನ್ನು ಸಬ್‌ಕ್ಲಿನಿಕಲ್ ಹೈಪೋ ಎನ್ನುತ್ತೇವೆ. ಇವರಲ್ಲಿ ಎಷ್ಟೋ ಜನರಿಗೆ ಏನೂ ಮಾಡದಿದ್ದರೂ ಅದು ತಾನಾಗಿ ಇಳಿಯುತ್ತದೆ. ಆಂಟಿ ಟಿಪಿಒ ಪಾಸಿಟಿವ್ ಇದ್ದರೆ ಮಾತು ಬೇರೆ. ಮೈಯ ರೋಗನಿರೋಧಕ ಶಕ್ತಿಯೇ ಥೈರಾಯ್ಡ್ ಮೇಲೆ ತಿರುಗಿ ಬಿದ್ದಿದೆ ಎಂದು ಅರ್ಥ. 1912ರಲ್ಲಿ ಜಪಾನಿನ ಹಕಾರು ಹಶಿಮೊಟೊ ಎಂಬ ವೈದ್ಯರು ಇದನ್ನು ಮೊದಲು ವಿವರಿಸಿದರು. ಅದಕ್ಕೇ ಇದಕ್ಕೆ ಹಶಿಮೊಟೊ ಕಾಯಿಲೆ ಎಂದು ಹೆಸರು. ಹಶಿಮೊಟೊ ಇದ್ದವರಿಗೆ ವರ್ಷಗಳು ಕಳೆದಂತೆ ಗ್ರಂಥಿ ಸೋಲುವ ಸಂಭವ ಜಾಸ್ತಿ. ನೀವು ಕಳಿಸಿದ ಯಾವ ರಿಪೋರ್ಟಿನಲ್ಲೂ ಈ ಟೆಸ್ಟ್ ಇಲ್ಲ. ಒಮ್ಮೆ ಮಾಡಿಸಿ. ಪಾಸಿಟಿವ್ ಎಂದು ಒಮ್ಮೆ ಗೊತ್ತಾದ ಮೇಲೆ ಮತ್ತೆ ಮತ್ತೆ ದುಡ್ಡು ಕೊಟ್ಟು ಮಾಡಿಸುವುದು ಬೇಡ.

ಇನ್ನು ಕಾಫಿ. ಇದನ್ನು ಸ್ವಲ್ಪ ಎಳೆದು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಮ್ಮ ಕಡೆ ಕಾಫಿ ಕುಡಿದ ಹೊಟ್ಟೆಯನ್ನೂ ಖಾಲಿ ಹೊಟ್ಟೆ ಎಂದೇ ಲೆಕ್ಕ ಹಾಕುತ್ತಾರೆ. ಹಿಂದೊಮ್ಮೆ ತೋಟದ ಮನೆಯ ಒಬ್ಬ ಹೆಂಗಸು ನನ್ನ ಹತ್ತಿರ ಬಂದಿದ್ದರು. ಎರಡು ವರ್ಷದಿಂದ ಡೋಸ್ ಏರಿಸುತ್ತಲೇ ಇದ್ದರಂತೆ. ‘ಖಾಲಿ ಹೊಟ್ಟೆಗೇ ತಗೊಳ್ತೀನಿ ಡಾಕ್ಟ್ರೇ, ಒಂದಿನಾನೂ ತಪ್ಪಿಸಿಲ್ಲ’ ಎಂದರು. ‘ಎದ್ದ ತಕ್ಷಣ ಏನೇನು ಮಾಡ್ತೀರಿ, ಒಂದೊಂದಾಗಿ ಹೇಳಿ’ ಎಂದೆ. ಒಲೆ ಹಚ್ಚುವುದು, ಹಾಲು ಕಾಯಿಸುವುದು, ಎಲ್ಲರಿಗೂ ಕಾಫಿ ಕೊಟ್ಟು ತಾವು ಕೊನೆಯ ಗುಟುಕಿನ ಜೊತೆ ಮಾತ್ರೆ ನುಂಗುವುದು. ಅವರ ತಪ್ಪಲ್ಲ ಅದು. ಚೀಟಿಯಲ್ಲಿ ‘ಖಾಲಿ ಹೊಟ್ಟೆ’ ಎಂದಿತ್ತೇ ಹೊರತು ಕಾಫಿಯ ಮಾತೇ ಇರಲಿಲ್ಲ. ಅವತ್ತಿನಿಂದ ನಾನು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯುತ್ತೇನೆ: ಬರೀ ನೀರಿನ ಜೊತೆ, ಒಂದು ಗಂಟೆ ಕಾಫಿ ಇಲ್ಲ.

ನೀವು ನುಂಗುವುದು ಥೈರಾಕ್ಸಿನ್, ಅಂದರೆ ಟಿ4 ಮಾತ್ರೆ. ಅದರ ಅಳತೆ ಮೈಕ್ರೋಗ್ರಾಂನಲ್ಲಿ. ಅಷ್ಟು ಸಣ್ಣ ಪ್ರಮಾಣ. ಕಾಫಿ, ಹಾಲು, ಸೋಯಾ ಜೊತೆ ಹೋದರೆ ಅದು ಕರುಳಿನಲ್ಲಿ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆ ಇನ್ನೂ ಮೋಸ, ಮಾತ್ರೆಯನ್ನು ಹಿಡಿದಿಟ್ಟುಕೊಂಡುಬಿಡುತ್ತವೆ. ಅವಕ್ಕೂ ಥೈರಾಕ್ಸಿನ್‌ಗೂ ನಡುವೆ 4 ಗಂಟೆ ಅಂತರ ಬೇಕು. ನೀವು ಅವನ್ನು ಮಧ್ಯಾಹ್ನ ಮತ್ತು ರಾತ್ರಿ ಊಟದ ಹೊತ್ತಿಗೆ ಇಟ್ಟುಕೊಳ್ಳಿ, ಎರಡನ್ನೂ ಒಟ್ಟಿಗೆ ನುಂಗಬೇಡಿ. ಬೆಳಿಗ್ಗೆ ಕಾಫಿ ಬಿಟ್ಟು ಇರಲು ಆಗುವುದೇ ಇಲ್ಲ ಎನ್ನುವವರು ರಾತ್ರಿ ಊಟವಾಗಿ ಮೂರು ಗಂಟೆ ಕಳೆದ ಮೇಲೆ ಮಲಗುವಾಗ ಮಾತ್ರೆ ತಗೊಳ್ಳಬಹುದು.

ಆದರೆ ಇಲ್ಲೊಂದು ಎಚ್ಚರಿಕೆ. ನಾಳೆಯಿಂದಲೇ ಕಾಫಿ ದೂರ ಇಟ್ಟು 100ರ ಮಾತ್ರೆಯನ್ನು ಸರಿಯಾಗಿ ನುಂಗಲು ಶುರು ಮಾಡಬೇಡಿ. 70 ಕೆಜಿ ತೂಕದವರಿಗೆ 100 ಅಂದರೆ ಗ್ರಂಥಿ ಹೆಚ್ಚುಕಡಿಮೆ ಪೂರ್ತಿ ಸೋತವರ ಡೋಸ್. ಈವರೆಗೆ ಅರ್ಧಂಬರ್ಧ ಹೀರುತ್ತಿದ್ದದ್ದು ಪೂರ್ತಿ ಒಳಗೆ ಹೋದರೆ ಎದೆ ಡವಡವ, ಕೈ ನಡುಕ, ನಿದ್ದೆ ಬಾರದಿರುವುದು ಶುರುವಾಗಬಹುದು. ನಿಮ್ಮ ಡಾಕ್ಟರಿಗೆ ಕಾಫಿಯ ವಿಷಯ ಹೇಳಿ. ಅವರು ಡೋಸ್ ಇಳಿಸಿ ಶುರು ಮಾಡಿಸಬಹುದು. 6ರಿಂದ 8 ವಾರ ಬಿಟ್ಟು ಟೆಸ್ಟ್ ಮಾಡಿಸಿ. ಅದಕ್ಕೂ ಮೊದಲು ಮಾಡಿಸಿದರೆ ಪ್ರಯೋಜನವಿಲ್ಲ, ರಕ್ತದಲ್ಲಿ ಹೊಸ ಡೋಸ್ ನೆಲೆ ನಿಲ್ಲಲು ಅಷ್ಟು ದಿನ ಬೇಕು. ಪ್ರತಿ ಸಲ ಒಂದೇ ಲ್ಯಾಬ್, ಬೆಳಗಿನ ಹೊತ್ತು, ಅವತ್ತಿನ ಮಾತ್ರೆ ನುಂಗುವ ಮೊದಲು.

ಸುಸ್ತಿನ ಬಗ್ಗೆಯೂ ಹೇಳಬೇಕು. ಟಿಎಸ್‌ಎಚ್ 3 ಬಂದಾಗಲೂ ನಿಮಗೆ ಸುಸ್ತು ಇತ್ತು ಅಲ್ವಾ? ಹಾಗಾದರೆ ಎಲ್ಲವನ್ನೂ ಥೈರಾಯ್ಡ್ ತಲೆಗೆ ಕಟ್ಟುವುದು ಸರಿಯಲ್ಲ. ರಕ್ತದ ಮಾತ್ರೆ ನುಂಗುತ್ತಿದ್ದೀರಿ ಅಂದರೆ ಹಿಮೋಗ್ಲೋಬಿನ್ ಕಡಿಮೆ ಇದ್ದಿರಬೇಕು. ಯಾಕೆ ಕಡಿಮೆ? ಮುಟ್ಟಿನಲ್ಲಿ ಜಾಸ್ತಿ ಹೋಗುತ್ತದೆಯಾ? ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ಹೇಳುವ ಫೆರಿಟಿನ್ ಟೆಸ್ಟ್ ಮಾಡಿಸಿದ್ದೀರಾ? ಬರೀ ಕಬ್ಬಿಣದ ಕೊರತೆಯಿಂದಲೇ ಕೂದಲು ಹಿಡಿ ಹಿಡಿ ಉದುರುತ್ತದೆ. ಬಿ12 ಕೊರತೆ, ಸಕ್ಕರೆ ಕಾಯಿಲೆ, ಗೊರಕೆಯಿಂದ ಕೆಡುವ ನಿದ್ದೆ, ಮನಸ್ಸಿನ ಕುಗ್ಗು, ಮುಟ್ಟು ನಿಲ್ಲುವ ವಯಸ್ಸು, ಇವೆಲ್ಲದರ ಮುಖವೂ ಸುಸ್ತೇ. ತೂಕದ ವಿಷಯದಲ್ಲೂ ಹಾಗೇ. ಹೈಪೋದಿಂದ ಏರುವುದು ಸಾಮಾನ್ಯವಾಗಿ ಎರಡರಿಂದ ಐದು ಕೆಜಿ. ಅದರಲ್ಲೂ ಹೆಚ್ಚಿನದು ಮೈಯಲ್ಲಿ ನಿಂತ ಉಪ್ಪು, ನೀರು. ನಿಮ್ಮ ಟಿಎಸ್‌ಎಚ್ ಮಟ್ಟಕ್ಕೆ ಆರು ಕೆಜಿ ಏರುವುದಿಲ್ಲ.

ಒಂದು ಹಳೆಯ ನೋಟ್‌ಬುಕ್ ತಗೊಂಡು ಗೆರೆ ಹೊಡೆದು ಬರೆಯಿರಿ: ತಾರೀಖು, ಟಿಎಸ್‌ಎಚ್, ಫ್ರೀ ಟಿ4, ಆಗ ನುಂಗುತ್ತಿದ್ದ ಡೋಸ್, ಯಾವುದರ ಜೊತೆ ನುಂಗುತ್ತಿದ್ದಿರಿ, ಹೇಗನ್ನಿಸುತ್ತಿತ್ತು. ಟೀಚರಾದ ನಿಮಗೆ ಇದು ಹಾಜರಿ ಪುಸ್ತಕದಷ್ಟು ಸುಲಭ. ಆ ಒಂದು ಪುಟ ತೆರೆದಿಟ್ಟರೆ ಯಾವ ಡಾಕ್ಟರಿಗೂ ಐದು ನಿಮಿಷದಲ್ಲಿ ನಿಮ್ಮ ಕಥೆ ಅರ್ಥವಾಗುತ್ತದೆ.

ಪ್ರಶ್ನೆ: ಬೆಂಗಳೂರಿನಲ್ಲಿ ಓದುತ್ತಿದ್ದೇನೆ, 22 ವರ್ಷ. ಸುಮ್ನೆ ಹೆಲ್ತ್ ಚೆಕಪ್ ಮಾಡಿಸಿದಾಗ ಟಿಎಸ್‌ಎಚ್ 0.1, ಫ್ರೀ ಟಿ4 ಜಾಸ್ತಿ ಬಂದಿದೆ. ನನಗೆ ಯಾವ ತೊಂದರೆಯೂ ಇಲ್ಲ. ಕೂದಲಿಗೆ ಅಂತ 10 ಮಿಲಿಗ್ರಾಂ ಬಯೋಟಿನ್ ಮಾತ್ರೆ ಬಿಟ್ಟರೆ ಏನೂ ತಗೊಳ್ಳುವುದಿಲ್ಲ. ಭಯವಾಗಿದೆ.

ಭಯ ಬೇಡ, ತಂಗಿ. ಅನುಮಾನ ಇರುವುದು ಆ ಬಯೋಟಿನ್ ಮೇಲೆಯೇ. ಎಷ್ಟೋ ಲ್ಯಾಬುಗಳ ಯಂತ್ರದಲ್ಲಿ ಟೆಸ್ಟಿನ ರಾಸಾಯನಿಕದಲ್ಲೇ ಬಯೋಟಿನ್ ಬಳಸುತ್ತಾರೆ. ನಿಮ್ಮ ರಕ್ತದಲ್ಲಿ ಅದು ತುಂಬಿ ತುಳುಕುತ್ತಿದ್ದರೆ ಯಂತ್ರ ದಾರಿ ತಪ್ಪುತ್ತದೆ. ಟಿಎಸ್‌ಎಚ್ ಇದ್ದದ್ದಕ್ಕಿಂತ ಕಡಿಮೆ, ಟಿ4 ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತದೆ. ಕಾಗದದ ಮೇಲೆ ಪಕ್ಕಾ ಹೈಪರ್. ಮೈಯಲ್ಲಿ ಏನೂ ಇಲ್ಲ. ಮಾತ್ರೆ ನಿಲ್ಲಿಸಿ. ಕನಿಷ್ಠ ಎರಡು ದಿನ ಸಾಕು ಎನ್ನುತ್ತಾರೆ, ನಿಮ್ಮದು ದೊಡ್ಡ ಡೋಸ್ ಆದ್ದರಿಂದ ಒಂದು ವಾರ ಬಿಟ್ಟು ಮತ್ತೆ ಟೆಸ್ಟ್ ಮಾಡಿಸಿ. ಲ್ಯಾಬಿನವರಿಗೂ ತಿಳಿಸಿ. ಆಗಲೂ ಹಾಗೇ ಬಂದರೆ ಡಾಕ್ಟರನ್ನು ನೋಡಿ. ಅಲ್ಲಿಯವರೆಗೆ ಯಾರೇ ಹೇಳಿದರೂ ಹೈಪರ್ ಮಾತ್ರೆ ಶುರು ಮಾಡಬೇಡಿ.

ಪ್ರಶ್ನೆ: ನನಗೆ 27. ಮೊದಲ ಹೆರಿಗೆಯಾಗಿ ಮೂರು ತಿಂಗಳಾಗಿದ್ದಾಗ ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು, ಬೆವರುವುದು ಶುರುವಾಯಿತು. ಟಿಎಸ್‌ಎಚ್ 0.02. ಒಬ್ಬರು ಗ್ರೇವ್ಸ್ ಕಾಯಿಲೆ ಎಂದು ಕಾರ್ಬಿಮಜೋಲ್ ಕೊಟ್ಟರು. ಇನ್ನೊಬ್ಬರು ಏನೂ ಬೇಡ, ಕಾಯಿರಿ ಎಂದರು. ಹೆದರಿ ಹದಿನೈದು ದಿನಕ್ಕೇ ಮಾತ್ರೆ ಬಿಟ್ಟೆ. ಈಗ ಮಗುವಿಗೆ ಆರು ತಿಂಗಳು. ಈಗ ಟಿಎಸ್‌ಎಚ್ 14! ಹೈಪರ್ ಇದ್ದದ್ದು ಹೈಪೋ ಹೇಗಾಯಿತು? ಬಾಣಂತನದಲ್ಲಿ ಪಥ್ಯ ಮಾಡಲಿಲ್ಲ, ತಣ್ಣೀರು ಮುಟ್ಟಿದಳು, ಅದಕ್ಕೇ ಹೀಗಾಯಿತು ಅಂತ ಅತ್ತೆ ಹೇಳುತ್ತಾರೆ. ಸುಮ್ನೆ ಸುಮ್ನೆ ಅಳು ಬರುತ್ತದೆ.

ಮೊದಲು ಅತ್ತೆಯವರಿಗೆ ಈ ಪುಟ ಓದಿ ಹೇಳಿ. ಇದಕ್ಕೂ ತಣ್ಣೀರಿಗೂ ಪಥ್ಯಕ್ಕೂ ಏನೇನೂ ಸಂಬಂಧವಿಲ್ಲ. ಅವರು ಕಾಳಜಿಯಿಂದಲೇ ಹೇಳಿರಬಹುದು. ಆದರೆ ಕಾಯಿಲೆ ಬಂದ ಬಾಣಂತಿಯ ಮೇಲೆ ತಪ್ಪಿನ ಭಾರವನ್ನೂ ಹೊರಿಸಬಾರದು.

ನೀವು ಬರೆದ ಲೆಕ್ಕ ನೋಡಿದರೆ ಇದು ಹೆರಿಗೆಯ ನಂತರದ ಥೈರಾಯ್ಡೈಟಿಸ್ ಇದ್ದ ಹಾಗಿದೆ. ಬಸುರಿನಲ್ಲಿ ಮಗುವನ್ನು ಕಾಪಾಡಲು ಮೈಯ ರೋಗನಿರೋಧಕ ಶಕ್ತಿ ಸ್ವಲ್ಪ ತಗ್ಗಿರುತ್ತದೆ. ಹೆರಿಗೆಯಾದ ಮೇಲೆ ಅದು ಒಮ್ಮೆಲೇ ಮೇಲೆದ್ದು ಕೆಲವರಲ್ಲಿ ಥೈರಾಯ್ಡ್ ಮೇಲೆ ಎರಗುತ್ತದೆ. ಗ್ರಂಥಿಯೊಳಗೆ ವಾರಗಟ್ಟಲೆಗೆ ಆಗುವಷ್ಟು ಹಾರ್ಮೋನ್ ಮೊದಲೇ ತುಂಬಿಟ್ಟಿರುತ್ತದೆ. ಏಟು ಬಿದ್ದಾಗ ಅದೆಲ್ಲ ರಕ್ತಕ್ಕೆ ಸೋರುತ್ತದೆ. ಆಗ ಎದೆ ಡವಡವ, ನಡುಕ, ಬೆವರು. ಟೆಸ್ಟಿನಲ್ಲಿ ಹೈಪರ್. ಕಣಜ ಬರಿದಾದ ಮೇಲೆ ಹೊಸದಾಗಿ ಮಾಡುವ ಶಕ್ತಿ ಗ್ರಂಥಿಗೆ ಇನ್ನೂ ಬಂದಿರುವುದಿಲ್ಲ. ಆಗ ಹೈಪೋ. ಸಾಮಾನ್ಯವಾಗಿ ಮೊದಲ ಹಂತ ಒಂದರಿಂದ ಆರು ತಿಂಗಳ ಒಳಗೆ, ಎರಡನೆಯದು ನಾಲ್ಕರಿಂದ ಎಂಟು ತಿಂಗಳ ಹೊತ್ತಿಗೆ. ಹೆಚ್ಚಿನವರಲ್ಲಿ ಮಗುವಿನ ಮೊದಲ ಹುಟ್ಟುಹಬ್ಬದ ಹೊತ್ತಿಗೆ ಗ್ರಂಥಿ ತಾನಾಗಿ ಸರಿಯಾಗುತ್ತದೆ.

ಹಾಗಾದರೆ ಆ ಇಬ್ಬರು ಡಾಕ್ಟರು ಯಾಕೆ ಬೇರೆ ಬೇರೆ ಹೇಳಿದರು? ಗ್ರೇವ್ಸ್ ಕಾಯಿಲೆಯಲ್ಲೂ ಟಿಎಸ್‌ಎಚ್ ಹೀಗೇ ಬರುತ್ತದೆ. ಅದೂ ಹೆರಿಗೆಯ ನಂತರ ಕಾಣಿಸಿಕೊಳ್ಳಬಹುದು. ಆದರೆ ಅಲ್ಲಿ ಗ್ರಂಥಿ ನಿಲ್ಲದೆ ಹೊಸ ಹಾರ್ಮೋನ್ ಮಾಡುತ್ತಿರುತ್ತದೆ. ಕಾರ್ಬಿಮಜೋಲ್ ಹೊಸದನ್ನು ಮಾಡದಂತೆ ತಡೆಯುವ ಮದ್ದು. ಸೋರುತ್ತಿರುವುದನ್ನು ಅದು ನಿಲ್ಲಿಸಲಾರದು. ಎರಡನ್ನೂ ಬೇರ್ಪಡಿಸಲು ಟ್ರ್ಯಾಬ್ ಎಂಬ ರಕ್ತದ ಟೆಸ್ಟ್ ಇದೆ. ಗ್ರೇವ್ಸ್‌ನಲ್ಲಿ ಅದು ಪಾಸಿಟಿವ್ ಬರುತ್ತದೆ. ಕಣ್ಣು ಗುಡ್ಡೆ ಮುಂದೆ ಬಂದಂತೆ ಕಾಣುವುದು, ಕುತ್ತಿಗೆ ತುಂಬಿಕೊಳ್ಳುವುದು ಕೂಡ ಗ್ರೇವ್ಸ್ ಕಡೆಗೇ ಕೈ ತೋರಿಸುತ್ತವೆ. ವಿಕಿರಣದ ಮದ್ದು ಕೊಟ್ಟು ಮಾಡುವ ಐಸೋಟೋಪ್ ಸ್ಕ್ಯಾನ್‌ನಲ್ಲೂ ತಿಳಿಯುತ್ತದೆ. ಆದರೆ ಹಾಲು ಕುಡಿಸುವ ತಾಯಿಗೆ ಅದು ಬೇಡ, ಟ್ರ್ಯಾಬ್ ಸಾಕು. ಆ ಟೆಸ್ಟ್ ಮಾಡದೆ ಹೆಸರಿಟ್ಟದ್ದೇ ನಿಮ್ಮ ಗೊಂದಲಕ್ಕೆ ಕಾರಣ. ಆಗಲೇ ಆಗಬೇಕಿದ್ದ ಟೆಸ್ಟ್ ಅದು. ನನಗೆ ಬೇಸರ ಇರುವುದು ಇಲ್ಲೇ.

ಈಗ 14 ಇದೆ, ಅಳುವೂ ಇದೆ. ಆದ್ದರಿಂದ ಕೆಲವು ತಿಂಗಳ ಮಟ್ಟಿಗೆ ಥೈರಾಕ್ಸಿನ್ ಕೊಡುವುದು ಸರಿ ಅನ್ನಿಸುತ್ತದೆ. ಮಗುವಿಗೆ ಹಾಲು ಕುಡಿಸಬಹುದು, ಏನೂ ತೊಂದರೆಯಿಲ್ಲ. ಆಮೇಲೆ ಡಾಕ್ಟರು ನಿಧಾನಕ್ಕೆ ಇಳಿಸಿ ನೋಡುತ್ತಾರೆ. ಜೀವನಪೂರ್ತಿ ಮಾತ್ರೆ ಅಂತ ಈಗಲೇ ಯಾರೂ ಹೇಳಲಾಗದು. ಸರಿಹೋದ ಮೇಲೂ ವರ್ಷಕ್ಕೊಮ್ಮೆ ಟಿಎಸ್‌ಎಚ್ ಮಾಡಿಸಿ. ಮುಂದಿನ ಬಸುರಿಗೆ ಮೊದಲೇ ಮಾಡಿಸಿ.

ಈ ಸಾಲು ಕಾರ್ಬಿಮಜೋಲ್ ತಗೊಳ್ಳುವ ಎಲ್ಲ ಓದುಗರಿಗೂ: ಆ ಮಾತ್ರೆ ನುಂಗುವಾಗ ಜ್ವರ, ಗಂಟಲು ನೋವು ಬಂದರೆ ಮಾತ್ರೆ ನಿಲ್ಲಿಸಿ ಅವತ್ತೇ ಬಿಳಿ ರಕ್ತಕಣದ ಟೆಸ್ಟ್ ಮಾಡಿಸಿ. ಅಪರೂಪಕ್ಕೆ ಅದು ಕುಸಿಯುತ್ತದೆ, ಪ್ರಾಣಕ್ಕೇ ಅಪಾಯ.

ಅಳುವಿನ ಬಗ್ಗೆ. ಥೈರಾಯ್ಡ್‌ನಿಂದ ಇರಬಹುದು. ಹೆರಿಗೆಯ ನಂತರದ ಖಿನ್ನತೆಯೂ ಇರಬಹುದು. ಎರಡೂ ಒಟ್ಟಿಗೆ ಇರಬಹುದು. ಟಿಎಸ್‌ಎಚ್ ಸರಿಹೋಗಲಿ ಎಂದು ಕಾಯುತ್ತಾ ಕೂರಬೇಡಿ. ಮಗುವಿಗೆ ಅಥವಾ ನಿಮಗೆ ಏನಾದರೂ ಮಾಡಿಕೊಳ್ಳಬೇಕು ಎಂಬ ಯೋಚನೆ ಒಂದು ಸಲ ಬಂದರೂ ಆ ಕ್ಷಣವೇ ಗಂಡನಿಗೋ ತಾಯಿಗೋ ಹೇಳಿ, ಡಾಕ್ಟರ ಹತ್ತಿರ ಹೋಗಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಪ್ರಶ್ನೆ: ಹೈಪೋ ಇದ್ದವರು ಎಲೆಕೋಸು, ಹೂಕೋಸು ತಿನ್ನಬಾರದಂತೆ. ಪುಡಿ ಉಪ್ಪು ಬಿಟ್ಟು ಸೈಂಧವ ಲವಣ ಬಳಸಬೇಕಂತೆ. ನಿಜವೇ?

ಕೋಸು ಬೇಯಿಸಿ ಪಲ್ಯ, ಸಾಂಬಾರು ಮಾಡಿ ತಿನ್ನಿ, ಏನೂ ಆಗುವುದಿಲ್ಲ. ಉಪ್ಪಿನ ಮಾತಂತೂ ಪೂರ್ತಿ ತಪ್ಪು. ಸೈಂಧವ ಲವಣದಲ್ಲಿ ನಮಗೆ ಬೇಕಾದಷ್ಟು ಅಯೋಡಿನ್ ಇರುವುದಿಲ್ಲ. ಅಯೋಡಿನ್ ಇಲ್ಲದೆ ಥೈರಾಯ್ಡ್ ಹಾರ್ಮೋನ್ ಇಲ್ಲ. 1956ರಲ್ಲಿ ಈಗಿನ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಉಪ್ಪಿಗೆ ಅಯೋಡಿನ್ ಬೆರೆಸಿ ಜನರಿಗೆ ಕೊಟ್ಟು ನೋಡಲು ಶುರು ಮಾಡಿದರು. ಗಳಗಂಡ ಇಳಿಯಿತು. 1962ರಲ್ಲಿ ದೇಶದ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ನಮ್ಮಲ್ಲೂ ಚಿಕ್ಕಮಗಳೂರು, ಕೊಡಗಿನ ಕಡೆ ಗಳಗಂಡದ ತೊಂದರೆ ಇತ್ತು. ಬಸುರಿ ಇರುವ ಮನೆಯಲ್ಲಂತೂ ಅಯೋಡಿನ್ ಉಪ್ಪು ಬಿಡಲೇಬೇಡಿ. ಹೊಟ್ಟೆಯಲ್ಲಿರುವ ಮಗುವಿನ ಮಿದುಳು ಬೆಳೆಯಲು ಅದು ಬೇಕು. ಅಯೋಡಿನ್ ಹಾರಿಹೋಗದಂತೆ ಉಪ್ಪಿನ ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ.

ಪ್ರಶ್ನೆ: ನನ್ನ ತಾಯಿಗೆ 68. ಒಂದು ವರ್ಷದಿಂದ ತುಂಬಾ ಮಂಕಾಗಿದ್ದಾರೆ. ಮಾತು ಕಡಿಮೆ, ಮರೆವು ಜಾಸ್ತಿ. ಹಗಲೆಲ್ಲ ಮಲಗುತ್ತಾರೆ. ಬೇಸಿಗೆಯಲ್ಲೂ ಶಾಲು ಹೊದೆಯುತ್ತಾರೆ. ರಾತ್ರಿ ಕೈ ಜೋಮು ಹಿಡಿಯುತ್ತದೆ ಎನ್ನುತ್ತಾರೆ. ಕೊಲೆಸ್ಟರಾಲ್ ಜಾಸ್ತಿ ಇದೆ ಅಂತ ಮಾತ್ರೆ ಕೊಟ್ಟಿದ್ದಾರೆ. ಮನೆಯವರೆಲ್ಲ ಅರಳು ಮರಳು ಅನ್ನುತ್ತಾರೆ. ಥೈರಾಯ್ಡ್ ಇರಬಹುದೇ?

ಇರಬಹುದು. ಈ ವಾರವೇ ಟಿಎಸ್‌ಎಚ್ ಮತ್ತು ಫ್ರೀ ಟಿ4 ಮಾಡಿಸಿ. ನಾನು ಇಷ್ಟು ಅವಸರ ಮಾಡುವುದಕ್ಕೆ ಕಾರಣ ಇದೆ.

ನನ್ನ ಅಮ್ಮನಿಗೂ ಹೀಗೇ ಆಗಿತ್ತು. ಆಗ ನಾನು ಎಂಡಿ ಮುಗಿಸಿ ಎರಡು ವರ್ಷ. ಅಮ್ಮ ಹಳ್ಳಿಯಲ್ಲಿದ್ದಳು. ವಾರಕ್ಕೊಮ್ಮೆ ಫೋನ್. ಅವಳ ಧ್ವನಿ ದಪ್ಪವಾಗುತ್ತಾ ಬಂತು. ಶೀತ ಇರಬೇಕು ಅಂದುಕೊಂಡೆ. ಏಪ್ರಿಲ್ ಬಿಸಿಲಿನಲ್ಲಿ ಸ್ವೆಟರ್ ಹಾಕಿದ್ದನ್ನು ನೋಡಿಯೂ ‘ವಯಸ್ಸಾಯ್ತಲ್ಲಮ್ಮ’ ಎಂದೆ. ಅವಳಿಗೆ ಆಗ 57 ಅಷ್ಟೇ. ಅವಳು ಊರಿನಲ್ಲಿ ಹಸೆ ಹಾಡುಗಳಿಗೆ ಹೆಸರಾದವಳು. ಚಿಕ್ಕಪ್ಪನ ಮಗಳ ಮದುವೆಯಲ್ಲಿ ಎಲ್ಲರೂ ಹಾಡು ಅಂದರೆ, ‘ಗಂಟಲೇ ಏಳ್ತಿಲ್ಲ ಕಣ್ರೇ’ ಎಂದು ಹಿಂದೆ ಸರಿದಳು. ಆಗಲೂ ನನಗೆ ಹೊಳೆಯಲಿಲ್ಲ. ಆ ಮದುವೆಯ ಫೋಟೋ ಬಂದಾಗ, ಐದು ವರ್ಷದ ಹಿಂದಿನ ಅಣ್ಣನ ಮದುವೆಯ ಫೋಟೋ ಪಕ್ಕದಲ್ಲಿಟ್ಟು ನೋಡಿದೆ. ಕಣ್ಣಿನ ಕೆಳಗೆ ಊತ, ಹುಬ್ಬಿನ ಹೊರ ತುದಿಯಲ್ಲಿ ಕೂದಲಿಲ್ಲ, ತುಟಿ ದಪ್ಪ, ಮುಖ ಬಿಳಿಚಿಕೊಂಡಿದೆ. ಪಠ್ಯಪುಸ್ತಕದ ಚಿತ್ರವೇ ನನ್ನ ಅಮ್ಮನ ಮುಖದಲ್ಲಿತ್ತು. ಅವತ್ತೇ ಬಸ್ಸು ಹತ್ತಿದೆ. ಅವಳನ್ನು ಕುರ್ಚಿಯ ಮೇಲೆ ಮಂಡಿಯೂರಿಸಿ ಹಿಮ್ಮಡಿಯ ನರವನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ಪಾದ ಸರಕ್ಕನೆ ಎಗರಿತು. ಆದರೆ ವಾಪಸ್ ಬರುವಾಗ ನಿಧಾನ, ನೀರಿನೊಳಗೆ ಇಳಿಯುವ ಹಾಗೆ ಅಷ್ಟು ನಿಧಾನ. ಟಿಎಸ್‌ಎಚ್ 100ರ ಮೇಲಿತ್ತು.

ಬೇರೆಯವರ ಅಮ್ಮನಲ್ಲಿ ನಾನು ಹಿಡಿಯುತ್ತಿದ್ದ ಕಾಯಿಲೆ ನನ್ನ ಅಮ್ಮನಲ್ಲಿ ಕಾಣಲಿಲ್ಲ. ದಿನಾ ನೋಡುವವರಿಗೆ ನಿಧಾನದ ಬದಲಾವಣೆ ಕಾಣುವುದೇ ಇಲ್ಲ. ಅದಕ್ಕೇ ನಿಮಗೆ ಹೇಳುತ್ತೇನೆ, ಐದಾರು ವರ್ಷದ ಹಿಂದಿನ ಫೋಟೋ ತೆಗೆದು ಅಮ್ಮನ ಮುಖದ ಪಕ್ಕ ಹಿಡಿದು ನೋಡಿ. ಡಾಕ್ಟರ ಹತ್ತಿರ ಹೋಗುವಾಗ ಅದನ್ನೂ ತಗೊಂಡು ಹೋಗಿ.

ನೀವು ಬರೆದ ಜೋಮು, ಕೊಲೆಸ್ಟರಾಲ್, ಚಳಿ, ಮಂಕು ಎಲ್ಲವೂ ಒಂದೇ ಬೇರಿನ ಕೊಂಬೆಗಳಾಗಿರಬಹುದು. ಹೈಪೋದಲ್ಲಿ ಮಣಿಕಟ್ಟಿನಲ್ಲಿ ಊತ ಬಂದು ನರ ಅದುಮಿ ಕೈ ಜೋಮು ಹಿಡಿಯುತ್ತದೆ. ಕೆಟ್ಟ ಕೊಲೆಸ್ಟರಾಲ್ ಏರುತ್ತದೆ. ಮಲಬದ್ಧತೆ ಇದೆಯಾ, ನಾಡಿ ನಿಧಾನ ಇದೆಯಾ ನೋಡಿಸಿ. ಬಿ12 ಟೆಸ್ಟನ್ನೂ ಜೊತೆಗೇ ಮಾಡಿಸಿ, ಅದರ ಕೊರತೆಯಲ್ಲೂ ಮರೆವು, ಜೋಮು ಬರುತ್ತದೆ.

ಹೈಪೋ ಎಂದು ಗೊತ್ತಾದರೆ ಈ ವಯಸ್ಸಿನಲ್ಲಿ ಮಾತ್ರೆ 12.5 ಅಥವಾ 25ರಿಂದ ಶುರುವಾಗಬೇಕು. ಬೇಗ ಸರಿಯಾಗಲಿ ಅಂತ ಒಮ್ಮೆಗೇ 100 ಕೊಟ್ಟರೆ ಹೃದಯಕ್ಕೆ ಭಾರ. ಇನ್ನೊಂದು ಮಾತು: ಟೆಸ್ಟಿನಲ್ಲಿ ಇದಕ್ಕೆ ತಿರುಗಾ ಮುರುಗಾ, ಹೈಪರ್ ಅಂತ ಬಂದರೂ ಆಶ್ಚರ್ಯಪಡಬೇಡಿ. ವಯಸ್ಸಾದವರಲ್ಲಿ ಹೈಪರ್ ಕೂಡ ಮಂಕಾಗಿ ಬರುತ್ತದೆ. ನಡುಕ, ಚಡಪಡಿಕೆ ಇರದೆ ಬರೀ ತೂಕ ಇಳಿಯುವುದು, ಊಟ ಸೇರದಿರುವುದು, ನಾಡಿ ತಾಳ ತಪ್ಪುವುದು ಇರುತ್ತದೆ.

ನನ್ನ ಅಮ್ಮ ಮಾತ್ರೆ ಶುರು ಮಾಡಿ ಎಂಟು ತಿಂಗಳಿಗೆ ಪಕ್ಕದ ಮನೆಯ ಮದುವೆಯಲ್ಲಿ ಹಸೆ ಹಾಡು ಹಾಡಿದಳು. ಬಾಗಿಲ ಹತ್ತಿರ ನಿಂತು ಕೇಳಿದೆ.

ಪ್ರಶ್ನೆ: ನನಗೆ 34. ಆರು ವರ್ಷದ ಹಿಂದೆ ಎರಡನೇ ಹೆರಿಗೆಯಲ್ಲಿ ತುಂಬಾ ರಕ್ತ ಹೋಗಿ ನಾಲ್ಕು ಬಾಟಲಿ ರಕ್ತ ಕೊಟ್ಟರು. ಮಗುವಿಗೆ ಎದೆಹಾಲೇ ಬರಲಿಲ್ಲ. ಆಮೇಲೆ ಇವತ್ತಿನವರೆಗೂ ಮುಟ್ಟಾಗಿಲ್ಲ. ಯಾವಾಗಲೂ ಸುಸ್ತು, ಚಳಿ, ಎದ್ದು ನಿಂತರೆ ತಲೆ ಸುತ್ತು. ಕಂಕುಳ ಕೂದಲೂ ಉದುರಿದೆ. ಎಲ್ಲ ಲಕ್ಷಣ ಥೈರಾಯ್ಡ್‌ದೇ ಅನ್ನುತ್ತಾರೆ. ಮೂರು ಸಲ ಟೆಸ್ಟ್ ಮಾಡಿಸಿದರೂ ಟಿಎಸ್‌ಎಚ್ 2.1, 1.9, 2.4. ನಾರ್ಮಲ್. ಎಲ್ಲ ನಿನ್ನ ಮನಸ್ಸಿನ ಭ್ರಮೆ ಎಂದು ಮನೆಯಲ್ಲಿ ಬಯ್ಯುತ್ತಾರೆ.

ಭ್ರಮೆ ಅಲ್ಲವೇ ಅಲ್ಲ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಬರೆದ ಒಂದೊಂದು ಮಾತೂ ಒಂದೇ ಕಡೆ ಬೆರಳು ತೋರಿಸುತ್ತದೆ.

ಮೇಲೆ ಟೀಚರಿಗೆ ಟಿಎಸ್‌ಎಚ್ ಎಂದರೆ ಪಿಟ್ಯುಟರಿಯ ಕೂಗು ಎಂದು ಹೇಳಿದೆ. ಕೂಗುವವರಿಗೇ ಶಕ್ತಿ ಇಲ್ಲದಿದ್ದರೆ? ಅಡುಗೆಮನೆಯಲ್ಲಿ ಅನ್ನ ಇಲ್ಲದಿದ್ದರೂ ಪಂಕ್ತಿಯಲ್ಲಿ ಗಲಾಟೆ ಇರುವುದಿಲ್ಲ. ಬಸುರಿನಲ್ಲಿ ಪಿಟ್ಯುಟರಿ ಗ್ರಂಥಿ ದೊಡ್ಡದಾಗಿರುತ್ತದೆ, ಅದಕ್ಕೆ ರಕ್ತ ಜಾಸ್ತಿ ಬೇಕು. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ ಬಿಪಿ ಬಿದ್ದರೆ ಅದರ ಒಂದು ಭಾಗ ರಕ್ತವಿಲ್ಲದೆ ಸಾಯುತ್ತದೆ. ಇದಕ್ಕೆ ಶೀಹನ್ ಸಿಂಡ್ರೋಮ್ ಎನ್ನುತ್ತಾರೆ. 1937ರಲ್ಲಿ ಇದನ್ನು ವಿವರಿಸಿದ ಲಿವರ್‌ಪೂಲ್‌ನ ಹೆರಾಲ್ಡ್ ಶೀಹನ್ ಅವರ ಹೆಸರು ಅದು. ಎದೆಹಾಲು ಬಾರದ್ದು, ಮುಟ್ಟು ಮರಳದ್ದು, ಕಂಕುಳ ಕೂದಲು ಉದುರಿದ್ದು, ಎಲ್ಲಕ್ಕೂ ಪಿಟ್ಯುಟರಿಯೇ ಕಾರಣ ಇರಬಹುದು. ಇಂಥವರಲ್ಲಿ ಟಿಎಸ್‌ಎಚ್ ಸಂಖ್ಯೆ ನಾರ್ಮಲ್ ಆಗಿಯೇ ಕಾಣಬಹುದು. ಬರೀ ಟಿಎಸ್‌ಎಚ್ ನೋಡಿದರೆ ಕಾಯಿಲೆ ಸಿಗುವುದಿಲ್ಲ. ಫ್ರೀ ಟಿ4 ನೋಡಬೇಕು.

ಫ್ರೀ ಟಿ4 ಜೊತೆಗೆ ಬೆಳಿಗ್ಗೆ 8 ಗಂಟೆಯ ಕಾರ್ಟಿಸಾಲ್ (ಪಿಟ್ಯುಟರಿಯ ಮಾತು ಕೇಳಿ ಅಡ್ರಿನಲ್ ಗ್ರಂಥಿ ಮಾಡುವ, ಜೀವಕ್ಕೆ ಬೇಕೇ ಬೇಕಾದ ಹಾರ್ಮೋನ್), ಸೋಡಿಯಂ, ಎದೆಹಾಲು ಬರಿಸುವ ಪ್ರೊಲ್ಯಾಕ್ಟಿನ್, ಮುಟ್ಟಿಗೆ ಬೇಕಾದ ಎಫ್‌ಎಸ್‌ಎಚ್ ಮಾಡಿಸಬೇಕಾಗುತ್ತದೆ. ಆಮೇಲೆ ಬೇಕೆನಿಸಿದರೆ ಪಿಟ್ಯುಟರಿಯ ಎಂಆರ್‌ಐ. ಇಲ್ಲಿ ಒಂದು ವಿಷಯ ನಿಮಗೂ ನಿಮ್ಮ ಡಾಕ್ಟರಿಗೂ ಗೊತ್ತಿರಲೇಬೇಕು. ಫ್ರೀ ಟಿ4 ಕಡಿಮೆ ಬಂತು ಎಂದು ತಕ್ಷಣ ಥೈರಾಕ್ಸಿನ್ ಮಾತ್ರೆ ನುಂಗಬಾರದು. ಕಾರ್ಟಿಸಾಲ್ ಕೂಡ ಕಡಿಮೆ ಇದ್ದರೆ ಮೊದಲು ಅದರ ಮಾತ್ರೆ ಶುರುವಾಗಬೇಕು, ಆಮೇಲೆ ಥೈರಾಕ್ಸಿನ್. ಈ ಕ್ರಮ ತಪ್ಪಿದರೆ ಇರುವ ಅಲ್ಪ ಕಾರ್ಟಿಸಾಲ್ ಕೂಡ ಬೇಗ ಕರಗಿ ಪ್ರಾಣಕ್ಕೆ ಅಪಾಯವಾಗಬಹುದು.

ಹತ್ತಿರದ ಮೆಡಿಕಲ್ ಕಾಲೇಜು ಆಸ್ಪತ್ರೆಯ ಮೆಡಿಸಿನ್ ವಿಭಾಗಕ್ಕೆ ಹೋಗಿ, ಎಂಡೋಕ್ರೈನ್ (ಹಾರ್ಮೋನ್ ಕಾಯಿಲೆಗಳ) ಡಾಕ್ಟರಿದ್ದರೆ ಅವರನ್ನೇ ನೋಡಿ. ‘ಥೈರಾಯ್ಡ್ ತೊಂದರೆ’ ಅಂತ ಮಾತು ಶುರು ಮಾಡಬೇಡಿ. ಒಂದು ಹಾಳೆಯಲ್ಲಿ ಮೊದಲ ಸಾಲಿನಲ್ಲೇ ಬರೆಯಿರಿ: ಹೆರಿಗೆಯಲ್ಲಿ ನಾಲ್ಕು ಬಾಟಲಿ ರಕ್ತ ಕೊಟ್ಟರು, ಎದೆಹಾಲು ಬರಲಿಲ್ಲ, ಆರು ವರ್ಷದಿಂದ ಮುಟ್ಟಿಲ್ಲ. ಆ ಹಾಳೆಯನ್ನು ರಿಪೋರ್ಟುಗಳ ಮೇಲಿಟ್ಟು ಡಾಕ್ಟರ ಕೈಗೆ ಕೊಡಿ. ಅಷ್ಟರೊಳಗೆ ಜ್ವರ ಬಂದರೆ, ವಾಂತಿ ನಿಲ್ಲದಿದ್ದರೆ, ಪ್ರಜ್ಞೆ ತಪ್ಪುವ ಹಾಗಾದರೆ ಮನೆಯಲ್ಲಿ ಮಲಗಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ. ಅಲ್ಲೂ ಅದೇ ಹಾಳೆ ತೋರಿಸಿ.

ಮನೆಯವರಿಗೆ ಈ ಪುಟ ಕೊಡಿ. ಟೆಸ್ಟ್ ಆದ ಮೇಲೆ ನನಗೆ ಮತ್ತೆ ಬರೆಯಿರಿ. ನಿಮ್ಮ ಪತ್ರ ಮೇಜಿನ ಮೇಲೆ ಬೇರೆಯಾಗಿ ಇಟ್ಟಿದ್ದೇನೆ.